ಪಾಲಿಮರ್ ಸರಪಳಿಗೆ ಜಾಗ ಸಾಲದಾದಾಗ

ಟಾಲೂಯೀನ್ ಎಂಬ ದ್ರಾವಕದಲ್ಲಿ ಕರಗಿಸಿದ ಪಾಲಿಸ್ಟೈರೀನನ್ನು (ಥರ್ಮೋಕೋಲಿನ ಮೂಲ ಪ್ಲಾಸ್ಟಿಕ್) ಸಿಲಿಕಾನ್ ಬಿಲ್ಲೆಯ ಮೇಲೆ ನಾಲ್ಕು ಹನಿ ಬಿಟ್ಟು, ಬಿಲ್ಲೆಯನ್ನು ನಿಮಿಷಕ್ಕೆ 2,000–3,000 ಸುತ್ತಿನ ವೇಗದಲ್ಲಿ ತಿರುಗಿಸಿದರೆ, ದ್ರಾವಕ ಆರಿಹೋಗಿ ಕನ್ನಡಿಯಷ್ಟು ನಯವಾದ ಪದರವೊಂದು ಉಳಿಯುತ್ತದೆ. ದಪ್ಪ 100 ನ್ಯಾನೋಮೀಟರಿನ ಆಸುಪಾಸಿನಲ್ಲಿದ್ದರೆ ಅದು ನೇರಳೆಯಾಗಿ ಕಾಣುತ್ತದೆ, 50ಕ್ಕೆ ಇಳಿದರೆ ಕಂದು. 20ಕ್ಕೆ ಬಂದಾಗ ಬರಿಯ ಬಿಲ್ಲೆ ಯಾವುದು, ಪದರವಿರುವುದು ಯಾವುದು ಎಂದು ಬರಿಗಣ್ಣಿನಲ್ಲಿ ಹೇಳುವುದು ಕಷ್ಟ. ನನ್ನ ಕೆಲಸ ಬಹುಪಾಲು ಈ ಕೊನೆಯ ಬಗೆಯ ಪದರಗಳೊಂದಿಗೆ.

1,00,000 ಅಣುತೂಕದ ಪಾಲಿಸ್ಟೈರೀನ್ ಸರಪಳಿಯಲ್ಲಿ ಸುಮಾರು 960 ಕೊಂಡಿಗಳು, ಅಂದರೆ ಒಂದರ ಹಿಂದೊಂದು ಬೆಸೆದ ಒಂದೇ ಬಗೆಯ ಸಣ್ಣ ಘಟಕಗಳು, ಇರುತ್ತವೆ. ನೀಟಾಗಿ ಎಳೆದು ಹಿಡಿದರೆ ಉದ್ದ ಸುಮಾರು 240 ನ್ಯಾನೋಮೀಟರ್. ದ್ರಾವಕವಿಲ್ಲದೆ ಬಿಸಿಯಿಂದ ಕರಗಿದ ಸ್ಥಿತಿಯಲ್ಲಿ ಮಾತ್ರ ಅದು ಗುರಿಯಿಲ್ಲದೆ ಅಲೆಯುವವನ ಹೆಜ್ಜೆಗಳಂತೆ ಸುತ್ತಿಕೊಂಡಿರುವುದರಿಂದ, ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಅಂತರ ಸರಾಸರಿ 20 ನ್ಯಾನೋಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಪದರದ ದಪ್ಪವೂ ಅಷ್ಟಕ್ಕೇ ಇಳಿದಾಗ ಸರಪಳಿ ಏನು ಮಾಡುತ್ತದೆ?

ಅಂಗೈಯಲ್ಲಿ ಒತ್ತಿದ ಹಿಟ್ಟಿನ ಉಂಡೆಯಂತೆ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸನತ್ ಕುಮಾರ್, ಥಾಮಸ್ ರಸೆಲ್ ಮತ್ತು ಸಂಗಡಿಗರು 1999ರಲ್ಲಿ ನ್ಯೂಟ್ರಾನ್ ಚದುರಿಕೆಯಿಂದ ಅಳೆದು ನೋಡಿದಾಗ, ಪದರಕ್ಕೆ ಸಮಾಂತರವಾಗಿ ಸರಪಳಿಯ ಹರವು ದಪ್ಪ ಮಾದರಿಯಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಕಾರಣವನ್ನು ಹೀಗೆ ತಿಳಿಯಬಹುದು: ಕರಗಿದ ಪಾಲಿಮರಿನಲ್ಲಿ ಒಂದು ಕೊಂಡಿಯ ಸುತ್ತ ಎಲ್ಲ ದಿಕ್ಕಿನಲ್ಲೂ ಅದೇ ಬಗೆಯ ಕೊಂಡಿಗಳು ಕಿಕ್ಕಿರಿದಿರುವಾಗ, ತನ್ನ ಸರಪಳಿಯದು ಯಾವುದು, ನೆರೆಯದ್ದು ಯಾವುದು ಎಂಬ ಭೇದ ಅದಕ್ಕಿಲ್ಲ, ಆದ್ದರಿಂದ ತನ್ನದೇ ಭಾಗಗಳಿಂದ ದೂರ ಸರಿಯುವ ಒತ್ತಾಯವೂ ಇಲ್ಲ. ಪದರದ ಮೇಲ್ಮೈ ಮತ್ತು ತಳ ಗೋಡೆಗಳಂತೆ, ಮೇಲೆ–ಕೆಳಗಿನ ಹೆಜ್ಜೆಗಳನ್ನಷ್ಟೇ ಹಿಂದಿರುಗಿಸುತ್ತವೆ. ಉಳಿದೆರಡು ದಿಕ್ಕುಗಳಿಗೆ ಆ ಸುದ್ದಿಯೇ ತಲುಪುವುದಿಲ್ಲ. ಬದಲಾಗುವುದು ಸಹವಾಸ. ಸರಪಳಿ ತನ್ನ ಜಾಗವನ್ನು ತಾನೇ ಹೆಚ್ಚು ತುಂಬಿಕೊಳ್ಳುವುದರಿಂದ ನೆರೆಯವುಗಳೊಂದಿಗಿನ ತೊಡಕು ಕಡಿಮೆಯಾಗುತ್ತದೆ. ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡ್) 15 ನ್ಯಾನೋಮೀಟರ್ ರಂಧ್ರಗಳೊಳಗೆ ಪಾಲಿಸ್ಟೈರೀನ್ ನಿರೀಕ್ಷೆಗಿಂತ ಸಲೀಸಾಗಿ ಹರಿಯುತ್ತದೆಂದು 2007ರಲ್ಲಿ ವರದಿಯಾದದ್ದು ಈ ಚಿತ್ರಕ್ಕೆ ಹೊಂದುತ್ತದೆ.

ಒಂಟಿ ಸರಪಳಿಯ ಕಥೆ ಬೇರೆ. 48,502 ಜೋಡಿ ಕ್ಷಾರಗಳಿರುವ ಲ್ಯಾಂಬ್ಡಾ ವೈರಸ್ಸಿನ ಡಿಎನ್‌ಎಯನ್ನು ನೀರು ತುಂಬಿದ ನ್ಯಾನೋ ಕಾಲುವೆಗೆ ಇಳಿಸಿದರೆ, ಸುತ್ತ ಬೇರೆ ಸರಪಳಿಗಳ ಸಂದಣಿ ಇಲ್ಲದ ಕಾರಣ ಅದು ತನ್ನನ್ನು ತಾನೇ ತಪ್ಪಿಸಿಕೊಳ್ಳುತ್ತ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕಾಲುವೆಯ ಅಗಲದಷ್ಟೇ ದೊಡ್ಡ ಉಂಡೆಗಳು ಸಾಲಾಗಿ ನಿಂತಂತೆ ಇದನ್ನು ಕಲ್ಪಿಸಿಕೊಟ್ಟವರು ಫ್ರೆಂಚ್ ಭೌತವಿಜ್ಞಾನಿ ಪಿಯೇರ್-ಜಿಲ್ ದ ಜೆನ್. ಉದ್ದನೆಯ ಡಿಎನ್‌ಎಯ ನಕ್ಷೆ ತೆಗೆಯುವ ಉಪಕರಣಗಳು ಇದನ್ನೇ ಬಳಸುತ್ತವೆ.

ನನ್ನನ್ನು ಹೆಚ್ಚು ಕಾಡಿದ್ದು ಆಕಾರವಲ್ಲ, ಚಲನೆ. ದಪ್ಪ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಾಜಿನಂತೆ ಬಿಗಿಯುತ್ತದೆ. ಕೆಡ್ಡಿ, ಜೋನ್ಸ್ ಮತ್ತು ಕೋರಿ 1994ರಲ್ಲಿ ತೋರಿಸಿದಂತೆ, ಸಿಲಿಕಾನಿನ ಮೇಲಿನ ಪದರ 40 ನ್ಯಾನೋಮೀಟರಿಗಿಂತ ತೆಳುವಾದಾಗ ಈ ತಾಪ ಇಳಿಯತೊಡಗುತ್ತದೆ. 10 ನ್ಯಾನೋಮೀಟರಿನಲ್ಲಿ ಇಳಿಕೆ ಸುಮಾರು 25 ಡಿಗ್ರಿ. ಗಾಳಿಗೆ ತೆರೆದ ಮೇಲ್ಮೈಯಲ್ಲಿರುವ ಕೊಂಡಿಗಳಿಗೆ ಒಂದು ಬದಿಯಲ್ಲಿ ನೆರೆಯವರೇ ಇರುವುದಿಲ್ಲವಾದ್ದರಿಂದ ಅವು ಬೇಗ ಸಡಿಲಗೊಳ್ಳುತ್ತವೆ. ಬಿಲ್ಲೆಯಿಂದ ಬಿಡಿಸಿ ಎರಡೂ ಬದಿ ಗಾಳಿಗೊಡ್ಡಿದ ಪದರಗಳಲ್ಲಿ 70 ಡಿಗ್ರಿಯವರೆಗಿನ ಇಳಿಕೆ ಕಂಡಿದೆ. ಕೆಡ್ಡಿ ಮತ್ತು ಸಂಗಡಿಗರು ಪಾಲಿಮೀಥೈಲ್ ಮೆಥಾಕ್ರಿಲೇಟನ್ನು (ಅಕ್ರಿಲಿಕ್ ಪ್ಲಾಸ್ಟಿಕ್) ಆಕ್ಸೈಡ್ ಹೊದಿಕೆಯ ಸಿಲಿಕಾನಿನ ಮೇಲೆ ಹಚ್ಚಿದಾಗ ತಾಪ ಏರಿತು, ಚಿನ್ನದ ಮೇಲೆ ಹಚ್ಚಿದಾಗ ಇಳಿಯಿತು. ಆಕ್ಸೈಡ್ ಮೇಲ್ಮೈ ಹೈಡ್ರೋಜನ್ ಬಂಧದಿಂದ ಸರಪಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಿನ್ನಕ್ಕೆ ಆ ಹಿಡಿತವಿಲ್ಲ. ಹಾಗಾಗಿ “ಎಷ್ಟು ತೆಳುವಾದರೆ ಎಷ್ಟು ಇಳಿಯುತ್ತದೆ” ಎಂದು ಯಾರಾದರೂ ಕೇಳಿದರೆ, ಕೆಳಗೆ ಏನಿದೆ, ಅದನ್ನು ಹೇಗೆ ತೊಳೆದಿರಿ ಎಂದು ನಾನು ಮೊದಲು ತಿರುಗಿ ಕೇಳುತ್ತೇನೆ.

ಅಳತೆಯಲ್ಲಿ ಎಡವುವುದೂ ಸುಲಭ. ಒಮ್ಮೆ 30 ನ್ಯಾನೋಮೀಟರ್ ಪದರದಲ್ಲಿ ಭಾರಿ ಇಳಿಕೆ ಕಂಡು ಹಿಗ್ಗಿದ್ದೆ. ನಿರ್ವಾತ ಒಲೆಯಲ್ಲಿ ಇಡೀ ರಾತ್ರಿ ಬಿಸಿಯಲ್ಲಿಟ್ಟು ಮತ್ತೆ ಅಳೆದಾಗ ಆ ಇಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗಿತ್ತು: ಒಳಗೆ ಉಳಿದಿದ್ದ ಟಾಲೂಯೀನ್ ಸರಪಳಿಗಳನ್ನು ಮೆದುಗೊಳಿಸಿತ್ತು. ಹಾಗೆಂದು ಮನಬಂದಷ್ಟು ಹೊತ್ತು ಕಾಯಿಸುವಂತೆಯೂ ಇಲ್ಲ. ಅಂಟಿಕೊಳ್ಳಲು ಮನಸ್ಸಿಲ್ಲದ ಪದರದಲ್ಲಿ ಮೊದಲು ದುಂಡನೆಯ ತೂತುಗಳು ಬೀಳುತ್ತವೆ, ಅವುಗಳ ಅಂಚು ದಪ್ಪಗಾಗಿ ಒಂದಕ್ಕೊಂದು ತಾಗುತ್ತವೆ, ಕಡೆಗೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಗಳ ಸಾಲು ಮಾತ್ರ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಚಿಪ್ ತಯಾರಿಕೆಯವರು ಈ ಅಂಕಿಗಳನ್ನು ನೇರವಾಗಿ ತಮ್ಮ ಫೋಟೋರೆಸಿಸ್ಟ್ (ಬೆಳಕಿನಿಂದ ವಿನ್ಯಾಸ ಮೂಡಿಸುವ ಪಾಲಿಮರ್ ಲೇಪ) ಗೆರೆಗಳಿಗೆ ಅನ್ವಯಿಸಲು ಬಯಸುವುದುಂಟು. ನಾನು ಬೇಡವೆನ್ನುತ್ತೇನೆ. ನಮ್ಮ ಪದರಕ್ಕೆ ಒಂದೇ ತೆರೆದ ಮುಖ. ಕೆಲವೇ ಹತ್ತು ನ್ಯಾನೋಮೀಟರ್ ಅಗಲದ ಗೆರೆಗೆ ನೆತ್ತಿ ಮತ್ತು ಎರಡು ಪಕ್ಕೆ ಸೇರಿ ಮೂರು, ಬಿಲ್ಲೆಯ ಹಿಡಿತವಿರುವುದು ಬುಡದಲ್ಲಿ ಮಾತ್ರ.