ಹೈಡ್ರೇಷನ್: ಬ್ರೌಸರ್‌ನ ಮೊದಲ ರೆಂಡರ್ ಸರ್ವರ್‌ನದರ ಹಾಗೇ ಇರಬೇಕು

ಮೂರು ದಿನ ಒಂದೇ ಎಚ್ಚರಿಕೆಯ ಮುಂದೆ ಕೂತಿದ್ದೆ: ಸರ್ವರ್ ಕೊಟ್ಟ ಎಚ್‌ಟಿಎಂಎಲ್‌ಗೂ ಬ್ರೌಸರ್‌ನಲ್ಲಿ ಬಂದದ್ದಕ್ಕೂ ತಾಳೆ ಆಗುತ್ತಿಲ್ಲ. ಇವತ್ತು ಬಗೆಹರಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಸ್ವಲ್ಪ ಗೊತ್ತಿದ್ದರೆ ಸಾಕು.

ಸರ್ವರ್ ರೆಂಡರಿಂಗ್ ಬೇಗ ಅರ್ಥವಾಯಿತು. ಕಾಂಪೊನೆಂಟ್ ಸರ್ವರ್‌ನಲ್ಲೇ ಓಡಿ ಎಚ್‌ಟಿಎಂಎಲ್ ಆಗಿ ಬರುತ್ತದೆ, ಪುಟ ಬೇಗ ಕಾಣುತ್ತದೆ. ಆದರೆ ಆಗ ಬಟನ್ ಒತ್ತಿದರೆ ಏನೂ ಆಗಲ್ಲ. ಜಾವಾಸ್ಕ್ರಿಪ್ಟ್ ಇಳಿದ ಮೇಲೆ ರಿಯಾಕ್ಟ್‌ನ ಹೈಡ್ರೇಟ್‌ರೂಟ್ ಫಂಕ್ಷನ್ ಆ ಪುಟಕ್ಕೆ ಜೀವ ತುಂಬುತ್ತದೆ. ಇದೇ ಹೈಡ್ರೇಷನ್.

ನಾನು ಎಡವಿದ್ದು ಇಲ್ಲೇ. ಜೀವ ತುಂಬುವುದು ಅಂದರೆ ಪುಟವನ್ನು ಹೊಸದಾಗಿ ಕಟ್ಟುವುದು ಅಂದುಕೊಂಡಿದ್ದೆ. ಅಲ್ಲ. ರಿಯಾಕ್ಟ್ ಕಾಂಪೊನೆಂಟನ್ನು ಇನ್ನೊಮ್ಮೆ ಓಡಿಸಿ, ಬಂದದ್ದನ್ನು ಈಗಾಗಲೇ ಇರುವ ಡಾಮ್‌ಗೆ (ಬ್ರೌಸರ್ ಕಟ್ಟಿಕೊಂಡ ಪುಟದ ರಚನೆಗೆ) ಹೊಂದಿಸುತ್ತಾ ಹೋಗುತ್ತದೆ. ಎರಡೂ ಒಂದೇ ಅಂತ ನಂಬಿಕೊಂಡೇ ಕೆಲಸ ಶುರುಮಾಡುತ್ತದೆ.

ನನ್ನದು ಥೀಮ್ ಬಟನ್. ವಿಂಡೋ (ಬ್ರೌಸರ್‌ನಲ್ಲಿ ಮಾತ್ರ ಇರುವ ವಸ್ತು) ಇದ್ದರೆ ಲೋಕಲ್‌ಸ್ಟೋರೇಜ್‌ನಿಂದ (ಬ್ರೌಸರ್ ಮಾಹಿತಿ ಉಳಿಸಿಡುವ ಜಾಗದಿಂದ) ಥೀಮ್ ಓದು, ಇಲ್ಲದಿದ್ದರೆ 'ಬೆಳಕು' ಅಂತ ಬರೆದಿದ್ದೆ. ಸರ್ವರ್‌ನಲ್ಲಿ ಎರರ್ ಬರಲಿಲ್ಲ, ಹಾಗಾಗಿ ಸರಿ ಇದೆ ಅನ್ನಿಸಿತ್ತು. ಆದರೆ ವಿಂಡೋ ಇದೆಯಾ ಅನ್ನುವ ಆ ಪರೀಕ್ಷೆಯೇ ಎರಡು ಉತ್ತರ ಹುಟ್ಟಿಸುತ್ತಿತ್ತು. ಸರ್ವರ್ 'ಬೆಳಕು' ಅನ್ನುತ್ತಿತ್ತು, ಬ್ರೌಸರ್ ಮೊದಲ ರೆಂಡರ್‌ನಲ್ಲೇ 'ಕತ್ತಲು' ಅನ್ನುತ್ತಿತ್ತು.

ಸರಿಮಾಡಿದ್ದನ್ನು ನಿಧಾನವಾಗಿ ಬರೆಯುತ್ತೇನೆ. ಯೂಸ್‌ಸ್ಟೇಟ್‌ಗೆ ಮೊದಲ ಬೆಲೆ 'ಬೆಳಕು', ಯಾವ ಷರತ್ತೂ ಇಲ್ಲ. ಸರ್ವರ್ 'ಬೆಳಕು' ಕಳಿಸಿತು. ಬ್ರೌಸರ್‌ನ ಮೊದಲ ರೆಂಡರ್ ಕೂಡ 'ಬೆಳಕು', ತಾಳೆ ಆಯಿತು. ಆಮೇಲೆ ಯೂಸ್‌ಎಫೆಕ್ಟ್ ಓಡಿತು. ಇದು ಸರ್ವರ್‌ನಲ್ಲಿ ಓಡುವುದೇ ಇಲ್ಲ, ಬ್ರೌಸರ್‌ನಲ್ಲೂ ಹೈಡ್ರೇಷನ್ ಆದ ಮೇಲೇ ಓಡುತ್ತದೆ. ಲೋಕಲ್‌ಸ್ಟೋರೇಜ್ ಓದಬೇಕಾದ್ದು ಇಲ್ಲೇ! ಅದು 'ಕತ್ತಲು' ಅಂದಾಗ ಎರಡನೇ ರೆಂಡರ್. ಅದು ಮಾಮೂಲಿ ಅಪ್‌ಡೇಟ್ ಅಷ್ಟೇ, ಸರ್ವರ್ ಜೊತೆ ತಾಳೆ ನೋಡುವ ಪ್ರಶ್ನೆಯೇ ಇಲ್ಲ. ಒಂದು ಕ್ಷಣ ಬಿಳಿ ಪರದೆ ಮಿಂಚಿ ಹೋಗಬಹುದು. ಅದು ಬೇಡ ಅಂದರೆ ಹೆಡ್ ಒಳಗೆ ಪುಟ್ಟ ಸ್ಕ್ರಿಪ್ಟ್ ಇಟ್ಟು, ಬಾಡಿ ಕಾಣುವ ಮೊದಲೇ ಎಚ್‌ಟಿಎಂಎಲ್ ಟ್ಯಾಗ್‌ಗೆ ಕ್ಲಾಸ್ ಹಾಕಬೇಕು.

ಎಚ್ಚರಿಕೆಯನ್ನು ಸುಮ್ನೆ ಬಿಟ್ಟರೆ ನಷ್ಟ ಇದೆ. 2022ರಲ್ಲಿ ಬಂದ ರಿಯಾಕ್ಟ್ 18ರಿಂದ, ತಾಳೆ ತಪ್ಪಿದರೆ ಹತ್ತಿರದ ಸಸ್ಪೆನ್ಸ್ ಗಡಿಯವರೆಗಿನ (ಸಸ್ಪೆನ್ಸ್ ಅಂದರೆ ಲೋಡ್ ಆಗುವ ಭಾಗವನ್ನು ಸುತ್ತುವ ರಿಯಾಕ್ಟ್ ಕಾಂಪೊನೆಂಟ್) ಭಾಗವನ್ನು ಬ್ರೌಸರ್ ಮೊದಲಿಂದ ಕಟ್ಟಬೇಕಾಗಬಹುದು. ಸರ್ವರ್ ಅಲ್ಲಿ ಮಾಡಿದ ಕೆಲಸ ದಂಡ. ಎಚ್ಚರಿಕೆಯನ್ನು ಅಡಗಿಸುವ ಸಪ್ರೆಸ್‌ಹೈಡ್ರೇಷನ್‌ವಾರ್ನಿಂಗ್ ಅನ್ನುವ ಪ್ರಾಪ್ ಇದೆ, ಆದರೆ ಅದು ಒಂದೇ ಹಂತಕ್ಕೆ ಕೆಲಸ ಮಾಡುತ್ತದೆ. ಗಡಿಯಾರದ ಸಮಯದಂಥ ಕಡೆ ಮಾತ್ರ ಬಳಸಿ.

ಇದೇ ಜಾತಿಯ ಇನ್ನೆರಡು. ರ‍್ಯಾಂಡಮ್ ಐಡಿ ಬದಲು, ಎರಡೂ ಕಡೆ ಒಂದೇ ಐಡಿ ಕೊಡುವ ಯೂಸ್‌ಐಡಿ ಬಳಸಿ. ಟೇಬಲ್ ಒಳಗೆ ನೇರವಾಗಿ ಟಿಆರ್ ಬರೆಯಬೇಡಿ, ಬ್ರೌಸರ್ ತಾನೇ ಟಿಬಾಡಿ ಸೇರಿಸಿಬಿಡುತ್ತದೆ, ರಿಯಾಕ್ಟ್‌ಗೆ ಅದು ಗೊತ್ತಿರಲ್ಲ.

ಈಗ ನಾನು ಮೊದಲು ಮಾಡುವುದು ಇಷ್ಟು: ಡೆವ್‌ಟೂಲ್ಸ್‌ನಲ್ಲಿ ಜಾವಾಸ್ಕ್ರಿಪ್ಟ್ ಆಫ್ ಮಾಡಿ ಪುಟ ರಿಲೋಡ್ ಮಾಡುತ್ತೇನೆ. ಆಗ ಕಾಣುವುದೇ ಸರ್ವರ್‌ನ ಉತ್ತರ. ಆಮೇಲೆ ಕೋಡ್ ತೆಗೆದು, ಮೊದಲ ರೆಂಡರ್‌ನಲ್ಲಿ ಅದಕ್ಕಿಂತ ಬೇರೆ ಏನು ಬರಬಹುದು ಅಂತ ಒಂದೊಂದೇ ಸಾಲು ಹುಡುಕುತ್ತೇನೆ.