ಡಮ್ಮಿ ಮೇಲೆ ಕಲಿತರೆ ಐಸಿಯುನಲ್ಲಿ ಧೈರ್ಯ ಬರುತ್ತಾ?

ಪ್ರಶ್ನೆ: ಮೇಡಂ, ಮಗಳು ಮಡಿಕೇರಿಯಲ್ಲಿ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಸಿಮ್ಯುಲೇಷನ್ ಲ್ಯಾಬ್‌ನಲ್ಲಿ ಡಮ್ಮಿ (ರೋಗಿಯಂತಿರುವ ಗೊಂಬೆ) ಮೇಲೆ ಪ್ರಾಕ್ಟೀಸ್ ಮಾಡಿದರೆ ಐಸಿಯುನಲ್ಲಿ ಮುಂದೆ ನಿಲ್ಲುವ ಧೈರ್ಯ ಬರುತ್ತಾ? ಮೊದಲೇ ಮೆತ್ತಗಿನ ಹುಡುಗಿ.

ಬರುತ್ತೆ. ಪ್ರತಿ ವರ್ಷ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ. ಆದರೆ ಆ 'ಮೆತ್ತಗಿನ ಹುಡುಗಿ' ಅನ್ನೋ ಮಾತಿದೆಯಲ್ಲ, ನನಗೆ ರೇಗುವುದು ಅದಕ್ಕೇ. ಲೀಡರ್ ಅಂದರೆ ಜೋರು ಗಂಟಲು ಅಂತ ಯಾರು ಹೇಳಿದ್ದು?

ಹೃದಯ ನಿಂತ ರೋಗಿಯ ಸುತ್ತ ಐದಾರು ಜನ ಇರುತ್ತಾರೆ. 'ಯಾರಾದ್ರೂ ಅಡ್ರಿನಲಿನ್ ಕೊಡಿ' (ಹೃದಯ ಮತ್ತೆ ಬಡಿಯಲೆಂದು ಕೊಡುವ ಔಷಧ) ಅಂತ ಕಿರುಚಿದರೆ ಯಾರೂ ಕೊಡುವುದಿಲ್ಲ, ಇಲ್ಲವೇ ಇಬ್ಬರು ಕೊಡುತ್ತಾರೆ. 'ಕಾವೇರಿ, ಅಡ್ರಿನಲಿನ್ 1 ಎಂಜಿ ಐವಿ' (ಐವಿ ಅಂದರೆ ರಕ್ತನಾಳಕ್ಕೆ) ಅಂತ ಹೆಸರು ಹಿಡಿದು ಹೇಳಬೇಕು. ಕಾವೇರಿ ಅದನ್ನೇ ತಿರುಗಿ ಹೇಳಬೇಕು, ಆದಮೇಲೆ 'ಕೊಟ್ಟಾಯ್ತು' ಅನ್ನಬೇಕು. ಮುಂದಿನ ಡೋಸ್ 3ರಿಂದ 5 ನಿಮಿಷಕ್ಕೆ. ಎದೆ ಒತ್ತುವವರನ್ನು 2 ನಿಮಿಷಕ್ಕೊಮ್ಮೆ ಬದಲಿಸಬೇಕು, ಸೋತ ಕೈ 5 ಸೆಂ.ಮೀ. ಆಳಕ್ಕೆ ಇಳಿಯುವುದಿಲ್ಲ. ಲೀಡರ್ ತಾನು ಎದೆ ಒತ್ತಲು ಹೋಗದೆ, ಮಾನಿಟರು, ಗಡಿಯಾರ, ಜನ ಮೂರೂ ಕಾಣುವ ಕಡೆ ನಿಲ್ಲಬೇಕು. ಡಾಕ್ಟರ್ ಬರುವವರೆಗೆ ಆ ಜಾಗ ಅಲ್ಲಿರುವ ಸಿಸ್ಟರ್‌ದೇ. ಇದರಲ್ಲಿ ಕಿರುಚುವ ಕೆಲಸ ಎಲ್ಲಿದೆ? ನಮ್ಮ ಲ್ಯಾಬ್‌ನಲ್ಲಿ ಜೋರು ಬಾಯಿಯವರೇ ಮೊದಲು ಗಡಿಯಾರ ಮರೆಯುತ್ತಾರೆ. ಹಿಂದಿನ ಬೆಂಚಿನ ಮಾತಾಡದ ಹುಡುಗಿಯರು ಎಷ್ಟೋ ಸಲ ಇಡೀ ಟೀಮನ್ನು ನಡೆಸಿದ್ದಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ.

ನಿಜವಾದ ಎಮರ್ಜೆನ್ಸಿಯಲ್ಲಿ ಸ್ಟೂಡೆಂಟ್ ಕೈಗೆ ಸಿಗುವುದು ಟ್ರೇ ಮಾತ್ರ, ಲೀಡರ್ ಜಾಗ ಸಿಗುವುದು ಡಮ್ಮಿ ಪಕ್ಕದಲ್ಲೇ. ಆಮೇಲೆ ಕೂತು ಡೀಬ್ರೀಫಿಂಗ್, ಅಂದರೆ ನಡೆದದ್ದನ್ನು ಬಿಡಿಸಿ ಮಾತಾಡುವುದು. 'ಆಗ ನಿನಗೆ ಏನು ಕಾಣಿಸ್ತು, ಯಾಕೆ ಹಾಗೆ ಮಾಡಿದೆ?' ಜಾಸ್ತಿ ಕಲಿಯುವುದು ಅಲ್ಲೇ. ಹಾಗಂತ ಲ್ಯಾಬ್ ಒಂದೇ ಸಾಲದು, ವಾರ್ಡ್ ಪೋಸ್ಟಿಂಗ್ ಬೇಕೇ ಬೇಕು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ಹುಡುಗಿಯರಿಗೆ ಡಮ್ಮಿಗಿಂತ ಜಾಸ್ತಿ ಭಯ ಫೋನಿನದು. ರಾತ್ರಿ ಎರಡು ಗಂಟೆಗೆ ಡಾಕ್ಟರನ್ನು ಎಬ್ಬಿಸುವುದು ಹೇಗೆ? ರೋಗಿಯನ್ನು ಮೈಸೂರಿಗೆ ಕಳಿಸುವುದಾದರೆ ಸುಮಾರು 120 ಕಿ.ಮೀ. ದಾರಿ, ನಿರ್ಧಾರ ಬೇಗ ಆಗಬೇಕು. ಆಟಿ ತಿಂಗಳ ಜೋರು ಮಳೆಯಲ್ಲಿ ನೆಟ್‌ವರ್ಕ್ ಕಥೆ ಗೊತ್ತಲ್ವಾ? ಅದಕ್ಕೇ ಲ್ಯಾಬ್‌ನಲ್ಲಿ ಫೋನಿನ ಮಾತನ್ನು ಚುಟುಕಾಗಿ, ಎಸ್‌ಬಾರ್ (SBAR) ಅನ್ನುವ ನಾಲ್ಕು ಹಂತದ ಕ್ರಮದಲ್ಲಿ ಹೇಳಿಸುತ್ತೇವೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತೆ, ನಿಮ್ಮಿಂದ ಏನು ಬೇಕು. ಮೊದಲ ಮೂರು ಸಲೀಸು. ನಾಲ್ಕನೆಯದಕ್ಕೆ, 'ಸರ್, ನೀವು ಈಗಲೇ ಬರಬೇಕು' ಅನ್ನುವ ಬದಲು 'ಸಾರಿ ಸರ್, ಡಿಸ್ಟರ್ಬ್ ಮಾಡಿದೆ' ಅಂದುಬಿಡುತ್ತಾರೆ. ಆ ಸಾರಿ ಬಾಯಿಂದ ಹೋಗುವವರೆಗೆ ಮತ್ತೆ ಮತ್ತೆ ಫೋನ್ ಮಾಡಿಸುತ್ತೇನೆ.