ಅಮೆರಿಕಕ್ಕೆ ಮಾರುವವರೇ, ಆರ್ಡರ್ ಎಣಿಸಿಕೊಳ್ಳಿ

ಬೆಂಗಳೂರಿನಲ್ಲಿ ಕೂತು ಸ್ವಂತ ವೆಬ್‌ಸೈಟ್ ಮೂಲಕ ಅಮೆರಿಕಕ್ಕೆ ಸೀರೆ, ಚನ್ನಪಟ್ಟಣದ ಬೊಂಬೆ ಮಾರುವವರು ನನ್ನನ್ನು ಮೊದಲು ಕೇಳುವುದು, "ಸೇಲ್ಸ್ ಟ್ಯಾಕ್ಸ್ ಲಿಮಿಟ್ ಎಷ್ಟು ಸಾರ್?" ಅಂದರೆ ಎಷ್ಟು ಮಾರಿದ ಮೇಲೆ ನೋಂದಣಿ ಮಾಡಿಸಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡಬೇಕು ಅಂತ. ಯಾವ ರಾಜ್ಯದ್ದು ಅಂತ ನಾನು ಕೇಳಿದರೆ ಮುಖ ನೋಡುತ್ತಾರೆ. ಜಿಎಸ್‌ಟಿಗೆ ಒಗ್ಗಿದವರಿಗೆ ಇದು ವಿಚಿತ್ರವೇ. ಅಲ್ಲಿ ಇಡೀ ದೇಶಕ್ಕೆ ಒಂದು ಸೇಲ್ಸ್ ಟ್ಯಾಕ್ಸ್ ಇಲ್ಲ. ರಾಜ್ಯಕ್ಕೊಂದು ಕಾಯ್ದೆ, ಎಷ್ಟೋ ಕಡೆ ಊರಿಗೊಂದು ದರ.

2018ರ ಜೂನ್‌ವರೆಗೆ ಇಷ್ಟು ತಲೆನೋವಿರಲಿಲ್ಲ. ರಾಜ್ಯದೊಳಗೆ ಅಂಗಡಿ, ಗೋದಾಮು, ಕೆಲಸಗಾರರು ಯಾವುದೂ ಇಲ್ಲದವರ ಮೇಲೆ ತೆರಿಗೆ ವಸೂಲಿಯ ಹೊಣೆ ಹಾಕುವಂತಿರಲಿಲ್ಲ. ಸೌತ್ ಡಕೋಟ ರಾಜ್ಯ ಮತ್ತು ವೇಫೇರ್ ಎಂಬ ಆನ್‌ಲೈನ್ ಪೀಠೋಪಕರಣ ಕಂಪನಿ ನಡುವಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ವರ್ಷಕ್ಕೆ 1 ಲಕ್ಷ ಡಾಲರ್ ಅಥವಾ 200 ಆರ್ಡರ್ ಎಂಬ ಸೌತ್ ಡಕೋಟದ ಮಿತಿಯನ್ನು ಬಹಳ ರಾಜ್ಯಗಳು ನಕಲು ಮಾಡಿದವು. ತಮಾಷೆ ಅಂದರೆ, 2023ರಲ್ಲಿ ಸೌತ್ ಡಕೋಟವೇ ಆರ್ಡರ್ ಲೆಕ್ಕ ಕೈಬಿಟ್ಟಿತು. ನ್ಯೂಜೆರ್ಸಿ ಇನ್ನೂ ಇಟ್ಟುಕೊಂಡಿದೆ.

ಸಣ್ಣ ವ್ಯಾಪಾರಿ ಸಿಕ್ಕಿಬೀಳುವುದು ಇಲ್ಲೇ. 25 ಡಾಲರ್‌ನ ಬೊಂಬೆ 210 ಆರ್ಡರ್‌ಗಳಲ್ಲಿ ನ್ಯೂಜೆರ್ಸಿಗೆ ಹೋದರೆ ವಹಿವಾಟು ಬರೀ 5,250 ಡಾಲರ್. ಆದರೂ ನೋಂದಣಿ ಬೇಕು. ಟೆಕ್ಸಾಸ್‌ಗೆ 4 ಲಕ್ಷ ಡಾಲರ್ ಸರಕು ಕಳಿಸಿದವರಿಗೆ ಬೇಡ, ಯಾಕೆಂದರೆ ಅಲ್ಲಿ ಮಿತಿ 5 ಲಕ್ಷ. ಕ್ಯಾಲಿಫೋರ್ನಿಯದಲ್ಲೂ ಅಷ್ಟೇ. ನ್ಯೂಯಾರ್ಕ್‌ನಲ್ಲಿ 5 ಲಕ್ಷವೂ ದಾಟಬೇಕು, 100 ಆರ್ಡರ್ ಕೂಡ ದಾಟಬೇಕು. ಇದು ನ್ಯಾಯವಾ ಅಂದರೆ, ನನ್ನ ಪ್ರಕಾರ ಅಲ್ಲ. ಆರ್ಡರ್ ಎಣಿಸುವ ನಿಯಮ ಅಗ್ಗದ ಸಾಮಾನು ಮಾರುವವರಿಗೇ ಜಾಸ್ತಿ ಹೊಡೆತ.

ಅಮೆಜಾನ್ ಮೂಲಕ ಮಾರಿದ್ದಕ್ಕೆ ತೆರಿಗೆಯನ್ನು ಅಮೆಜಾನೇ ಹಿಡಿದು ಕಟ್ಟುತ್ತದೆ. ಆ ಮಾರಾಟ ನಿಮ್ಮ ಮಿತಿಗೆ ಸೇರುತ್ತದಾ? ಕ್ಯಾಲಿಫೋರ್ನಿಯ ಸೇರಿಸುತ್ತದೆ, ಫ್ಲೋರಿಡ ಸೇರಿಸುವುದಿಲ್ಲ. ಸರಕು ಅಮೆಜಾನ್ ಗೋದಾಮಿನಲ್ಲಿದ್ದರೆ ಇನ್ನೊಂದು ತೊಡಕು. ಆ ರಾಜ್ಯದಲ್ಲಿ ನಿಮ್ಮ ಸ್ಟಾಕ್ ಇದೆ ಅಂತಾಯಿತು. ಆಮೇಲೆ ಮಿತಿಯ ಮಾತು ಬಹಳ ಕಡೆ ನಡೆಯುವುದಿಲ್ಲ.

ತೆರಿಗೆ ಇದೆಯೋ ಇಲ್ಲವೋ ಅನ್ನುವುದು ಮಾಲಿನ ಮೇಲೂ ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಬಟ್ಟೆಗೆ ತೆರಿಗೆ ಇಲ್ಲ, ಬೊಂಬೆಗೆ ಇದೆ. ನ್ಯೂಯಾರ್ಕ್‌ನಲ್ಲಿ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆಗೆ ಮಾತ್ರ ರಾಜ್ಯದ ತೆರಿಗೆ ಬಿಟ್ಟಿದ್ದಾರೆ.

"ಭಾರತ, ಅಮೆರಿಕದ ಮಧ್ಯೆ ತೆರಿಗೆ ಒಪ್ಪಂದ ಇದೆಯಲ್ಲ" ಅನ್ನುತ್ತಾರೆ ಕೆಲವರು. ಅದು ಆದಾಯ ತೆರಿಗೆಗೆ. ರಾಜ್ಯಗಳ ಸೇಲ್ಸ್ ಟ್ಯಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾಗಿ ಮೂರು ತಿಂಗಳಿಗೊಮ್ಮೆ ಆರ್ಡರ್‌ಗಳನ್ನು ಡೆಲಿವರಿ ಆದ ರಾಜ್ಯದ ಪ್ರಕಾರ ವಿಂಗಡಿಸಿ, ಮೊತ್ತ ಮತ್ತು ಸಂಖ್ಯೆ ಎರಡನ್ನೂ ಬರೆದಿಡಿ. ನೋಂದಣಿ ಆಗದೆ ಗಿರಾಕಿಯಿಂದ ತೆರಿಗೆ ಹಿಡಿಯಬೇಡಿ. ನೋಂದಣಿ ಆದ ಮೇಲೆ, ಆ ಅವಧಿಯಲ್ಲಿ ಒಂದೂ ಮಾರಾಟ ಆಗದಿದ್ದರೂ ಸಾಮಾನ್ಯವಾಗಿ ಸೊನ್ನೆ ರಿಟರ್ನ್ ಸಲ್ಲಿಸಲೇಬೇಕು.